ತೊಕ್ಕಿನ ವ್ಯಾಪಾರಕ್ಕೆ ಸಾಲ ಕೇಳಿದರೆ ಯಜಮಾನರನ್ನು ಕರೆದುಕೊಂಡು ಬನ್ನಿ ಅಂತಾರೆ

ಶ್ರೀನಿವಾಸಪುರದವಳು:
ಮನೆಯಲ್ಲೇ ಟೊಮೆಟೊ ತೊಕ್ಕು, ಮಾವಿನಕಾಯಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಕೋಲಾರ ಮಂಡಿಯಲ್ಲಿ ರೇಟು ಬಿದ್ದಾಗ ಜಾಸ್ತಿ ಬಾಕ್ಸ್ ತಂದು ಒಟ್ಟಿಗೆ ತೊಕ್ಕು ಮಾಡಿಟ್ಟರೆ ಲಾಭ, ಆದರೆ ಆಗಲೇ ಕೈಯಲ್ಲಿ ದುಡ್ಡಿರುವುದಿಲ್ಲ. ಗ್ರೈಂಡರ್, ದೊಡ್ಡ ಒಲೆ, ಬಾಟಲಿ ಎಲ್ಲ ಸೇರಿ ಮೂರು ಲಕ್ಷ ಬೇಕು. ಬ್ಯಾಂಕಿನಲ್ಲಿ ಪಹಣಿ ತನ್ನಿ, ಯಜಮಾನರನ್ನು ಕರೆದುಕೊಂಡು ಬನ್ನಿ ಎಂದರು. ಪಹಣಿ ಇರುವುದು ಮಾವನ ಹೆಸರಿನಲ್ಲಿ. ವಾರದ ಕಂತಿನ ಫೈನಾನ್ಸ್‌ನವರು ಮಾತ್ರ ಬಾಗಿಲಿಗೇ ಬಂದು ಕೊಡುತ್ತೇವೆ ಎನ್ನುತ್ತಾರೆ. ತಗೊಳ್ಳಲಾ?

ನಿವೃತ್ತ ಬ್ಯಾಂಕಿನವ:
ಬೇಡಮ್ಮ. ತೊಕ್ಕು ಮಾಡುವುದು ಒಂದೇ ಸಲ, ಮಾರುವುದು ತಿಂಗಳುಗಟ್ಟಲೆ. ವಾರದ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡುತ್ತೀರಿ. ಸಣ್ಣ ಉದ್ದಿಮೆಯ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನದೇ ನಿಯಮ. ಮುದ್ರಾ ಯೋಜನೆಯಲ್ಲಿ 50 ಸಾವಿರದಿಂದ 5 ಲಕ್ಷದವರೆಗೆ ‘ಕಿಶೋರ್’ ಎಂದಿದೆ, ಆ ಹೆಸರು ಹೇಳಿಯೇ ಕೇಳಿ. ಕೊಡುವುದಿಲ್ಲ ಎಂದರೆ ಕಾರಣ ಬರೆದುಕೊಡಿ ಎನ್ನಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ, ಉಚಿತ, ಅದಕ್ಕೆ ಯಾರಿಗೂ ಸುಮ್ನೆ ಸಾವಿರಗಟ್ಟಲೆ ಕೊಡಬೇಡಿ. ಸಣ್ಣ ಆಹಾರ ತಯಾರಿಕೆ ಉದ್ದಿಮೆಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಎಂಬ ಯೋಜನೆಯಲ್ಲಿ 35% ಸಬ್ಸಿಡಿ ಉಂಟು, ಅದರಲ್ಲಿ ಕೋಲಾರ ಜಿಲ್ಲೆಗೆ ಆರಿಸಿರುವ ಬೆಳೆಯೇ ಟೊಮೆಟೊ. ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆ ಸಬ್ಸಿಡಿ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲೇ ಇದ್ದು ಮೂರು ವರ್ಷದ ಮೇಲೆ ಸಾಲಕ್ಕೆ ಜಮೆ ಆಗುತ್ತದೆ.

ತುಮಕೂರು ಚಟ್ನಿಪುಡಿ:
ನಿಯಮ ಸರಿ ಸಾರ್, ಆದರೆ ಅವರು ನೋಡುವುದು ಖಾತೆಯನ್ನು ಅಲ್ವಾ. ಅಕ್ಕಾ, ನಿಮ್ಮ ಕ್ಯೂಆರ್ ದುಡ್ಡು ಯಾರ ಖಾತೆಗೆ ಹೋಗುತ್ತದೆ? ನಮ್ಮ ಸಂಘದಲ್ಲಿ ಎಷ್ಟೋ ಜನರದು ಗಂಡನ ನಂಬರಿಗಿದೆ. ಬೆಳಗಿನಿಂದ ಒಲೆ ಮುಂದೆ ಬೇಯುವವಳು ಇವಳು, ಸ್ಟೇಟ್‌ಮೆಂಟ್ ತೆಗೆದರೆ ವ್ಯಾಪಾರಸ್ಥ ಅವನು. ಇವಳ ಪಾಸ್‌ಬುಕ್‌ನಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟರೆ ಏನೂ ಇಲ್ಲ. ಮೊದಲು ಅದನ್ನು ಸರಿಮಾಡಿ, ಆರು ತಿಂಗಳ ವಹಿವಾಟು ಕಾಣಲಿ.

ಇನ್ನು ಸಾಲಕ್ಕಿಂತ ಅಂಗಡಿ ಬಾಕಿ ದೊಡ್ಡ ತಲೆನೋವು. ಮಾಲು ಖರ್ಚಾಗಲಿ ಎನ್ನುತ್ತಾರೆ, ಖರ್ಚಾದ ಮೇಲೆ ಮುಂದಿನ ವಾರ ಬಾಮ್ಮ ಎನ್ನುತ್ತಾರೆ. ಅದೇ ಬಾಕಿಗೆ ನಮ್ಮ ಯಜಮಾನರು ಹೋಗಿ ನಿಂತರೆ ಗಲ್ಲಾಪೆಟ್ಟಿಗೆ ತೆರೆಯುತ್ತದೆ. ಇದಕ್ಕೆ ಯಾವ ಯೋಜನೆ ಇದೆ ಹೇಳಿ!

ಮುಳಬಾಗಿಲು ಕಡೆಯವ:
ಗಂಡ ಬಂದು ಒಂದು ಸಹಿ ಹಾಕಿದರೆ ಏನು ಹೋಗುತ್ತದೆ? ಕೆಲಸ ಆದರೆ ಸಾಕಲ್ವಾ.

ತುಮಕೂರು ಚಟ್ನಿಪುಡಿ:
ಸಹಿ ಹಾಕಿದ ತಿಂಗಳಲ್ಲೇ ಗ್ರೈಂಡರ್ ಬದಲು ಬೈಕ್ ಬಂದ ಮನೆಯನ್ನೂ ನೋಡಿದ್ದೇನೆ ಅಣ್ಣ.

ಶ್ರೀನಿವಾಸಪುರದವಳು:
ಕ್ಯೂಆರ್ ಮಗನ ಖಾತೆಗಿದೆ. ಫೈನಾನ್ಸ್ ಬೇಡ ಎಂದು ಹೇಳಿಬಿಟ್ಟೆ. ಅಕ್ಕಾ, ಬಾಕಿ ಇಟ್ಟವರಿಗೆ ಮತ್ತೆ ಮಾಲು ಹಾಕುತ್ತೀರಾ?

ತುಮಕೂರು ಚಟ್ನಿಪುಡಿ:
ಇಲ್ಲ. ಬಿಲ್ ಮೇಲೆ ಸಹಿ ಹಾಕಿಸಿಕೊಳ್ಳುತ್ತೇನೆ, ಹಳೆಯದು ತೀರುವ ತನಕ ಹೊಸ ಡಬ್ಬ ಇಳಿಸುವುದಿಲ್ಲ. ಎರಡು ಅಂಗಡಿಯವರು ಸಿಟ್ಟಾಗಿ ಬಿಟ್ಟರು. ಬಿಡಲಿ.