ಲಾಗ್ ಸಾಲಿನಲ್ಲಿ ವರ್ಷವೇ ಇಲ್ಲ, ಡಿಸೆಂಬರ್ ಸಾಲುಗಳು ಜನವರಿಯ ಕೆಳಗೆ ಬಂದು ಕುಳಿತಿವೆ

ರಾತ್ರಿಪಾಳಿ (ಪ್ರಶ್ನೆ):

ಆರು ಲಿನಕ್ಸ್ ಯಂತ್ರಗಳ ಸಿಸ್ಟಮ್ ಲಾಗುಗಳನ್ನು (ಯಂತ್ರ ತನ್ನಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ಫೈಲುಗಳನ್ನು) ಸಮಯದ ಕ್ರಮದಲ್ಲಿ ಒಂದೇ ಪಟ್ಟಿಯಾಗಿ ಜೋಡಿಸುವ ಪುಟ್ಟ ಪೈಥಾನ್ ಪ್ರೋಗ್ರಾಮ್ ಬರೆದುಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಬರೆದದ್ದು, ಎಂಟು ತಿಂಗಳು ತಕರಾರಿಲ್ಲದೆ ನಡೆಯಿತು. ಹೊಸ ವರ್ಷದ ಮೊದಲ ರಾತ್ರಿ ಪಾಳಿಯಲ್ಲಿದ್ದವನೂ ನಾನೇ. ಡಿಸ್ಕ್ ದೋಷವೊಂದರ ಜಾಡು ಹಿಡಿದು ಹೋದರೆ, ಡಿಸೆಂಬರ್ 31ರ 23:58ರ ಸಾಲುಗಳು ಜನವರಿ 1ರ ಸಾಲುಗಳಿಗಿಂತ ಕೆಳಗೆ, ಪಟ್ಟಿಯ ತುದಿಯಲ್ಲಿವೆ. ಕಾರಣಕ್ಕಿಂತ ಮೊದಲೇ ಪರಿಣಾಮ ಘಟಿಸಿದಂತೆ ಓದಿಕೊಂಡು ಒಂದು ಗಂಟೆ ಕಳೆದೆ.

ಲಾಗಿನ ಪ್ರತಿ ಸಾಲಿನ ಆರಂಭದಲ್ಲಿ ಮೂರಕ್ಷರದ ತಿಂಗಳು, ದಿನಾಂಕ, ಗಂಟೆ, ನಿಮಿಷ, ಸೆಕೆಂಡ್ ಇಷ್ಟೇ ಇದೆ. ಅಕ್ಷರಗಳನ್ನು ಓದಿ ದಿನಾಂಕವಾಗಿಸುವ ಪೈಥಾನ್‌ನ ಸ್ಟ್ರಿಪ್‌ಟೈಮ್ ಕೊಟ್ಟ ಉತ್ತರಕ್ಕೆ ನಾನು ಇಂದಿನ ವರ್ಷವನ್ನು ಅಂಟಿಸುತ್ತಿದ್ದೆ. ಎಡವಿದ್ದು ಅಲ್ಲೇ ಎಂದು ಗೊತ್ತಾಗಿದೆ, ಆದರೆ ಬೇರೆ ದಾರಿ ಯಾವುದು? ಇನ್ನೊಂದು ವಿಚಿತ್ರ: ಹಳೆಯ ಫೈಲೊಂದನ್ನು ಓದಿಸಿದಾಗ ಫೆಬ್ರುವರಿ 29ರ ಸಾಲಿಗೆ ಬಂದು, ಆ ತಿಂಗಳಲ್ಲಿ ಅಂಥ ದಿನವೇ ಇಲ್ಲ ಎಂದು ಪ್ರೋಗ್ರಾಮ್ ನಿಂತುಬಿಡುತ್ತದೆ.

ಅರ್ಧವಿರಾಮ:

ಇಂದಿನ ವರ್ಷವನ್ನೇ ಅಂಟಿಸಿ. ಬಂದ ದಿನಾಂಕ ಈಗಿನ ಸಮಯಕ್ಕಿಂತ ಒಂದು ದಿನಕ್ಕೂ ಹೆಚ್ಚು ಮುಂದಿದ್ದರೆ ಒಂದು ವರ್ಷ ಕಳೆಯಿರಿ. ನಾನು ಮೂರು ಸಾಲಿನಲ್ಲಿ ಮುಗಿಸಿದ್ದೇನೆ.

ಅಂದಹಾಗೆ ಸಾಲನ್ನು ಒಂದೊಂದು ಖಾಲಿ ಜಾಗಕ್ಕೆ ಕತ್ತರಿಸುತ್ತಿದ್ದರೆ ಎಚ್ಚರ. 1ರಿಂದ 9ರವರೆಗಿನ ದಿನಾಂಕಗಳ ಮುಂದೆ ಸೊನ್ನೆಯ ಬದಲು ಇನ್ನೊಂದು ಖಾಲಿ ಜಾಗ ಇರುತ್ತದೆ. ಹತ್ತನೆಯ ತಾರೀಖಿನವರೆಗೆ ಎಲ್ಲವೂ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ, ಆಮೇಲೆ ತಾನಾಗಿ ಸರಿಹೋಗುತ್ತದೆ. ಮೊದಲ 15 ಅಕ್ಷರಗಳನ್ನು ಹಾಗೆಯೇ ಕತ್ತರಿಸಿಕೊಳ್ಳುವುದು ಮೇಲು.

ಹಳೆಯ ನಿರ್ವಾಹಕಿ:

ಅರ್ಧವಿರಾಮ ಅವರ ಮೂರು ಸಾಲು ಈಗಷ್ಟೇ ಬರುತ್ತಿರುವ ಲಾಗಿಗೆ ಸಾಕು. ಹಳೆಯ ಫೈಲಿಗೆ ಅದು ಸುಳ್ಳು ಹೇಳುತ್ತದೆ, ಅದೂ ಬಹಳ ನಂಬಿಕೆಯಿಂದ. ಎರಡು ವರ್ಷ ಹಿಂದಿನ ಮಾರ್ಚ್ ತಿಂಗಳ ಸಾಲು ಭವಿಷ್ಯದಲ್ಲೇನೂ ಬೀಳುವುದಿಲ್ಲ, ಹಾಗಾಗಿ ಯಾವ ಅನುಮಾನವೂ ಬಾರದೆ ಈಚಿನ ಮಾರ್ಚ್ ಆಗಿಬಿಡುತ್ತದೆ.

ಮೊದಲು ಫೆಬ್ರುವರಿ 29ನ್ನು ಮುಗಿಸೋಣ. ವರ್ಷ ಕೊಡದಿದ್ದರೆ ಪೈಥಾನ್ 1900 ಎಂದು ಹಿಡಿಯುತ್ತದೆ. 1900 ನಾಲ್ಕರಿಂದ ಭಾಗವಾದರೂ ಅಧಿಕ ವರ್ಷವಲ್ಲ, ಏಕೆಂದರೆ ಶತಮಾನದ ವರ್ಷ 400ರಿಂದ ಭಾಗವಾಗಬೇಕು. ನೀವು ವರ್ಷವನ್ನು ಆಮೇಲೆ ಬದಲಿಸುತ್ತೀರಿ, ಜಗಳ ಅದಕ್ಕೂ ಮೊದಲೇ ಆಗಿ ಹೋಗಿರುತ್ತದೆ. ವರ್ಷವನ್ನು ಅಕ್ಷರಗಳಾಗಿ ಸಾಲಿನ ಮುಂದೆ ಸೇರಿಸಿ, ನಂತರ ಸ್ಟ್ರಿಪ್‌ಟೈಮ್‌ಗೆ ಕೊಡಿ. ಪೈಥಾನ್ 3.13ರಿಂದ ವರ್ಷವಿಲ್ಲದ ದಿನಾಂಕ ಓದಿಸಿದರೆ ಎಚ್ಚರಿಕೆಯನ್ನೂ ಕೊಡುತ್ತಿದ್ದಾರೆ. ನಾನು ತಿಂಗಳಿನ ಹೆಸರನ್ನೂ ಸ್ಟ್ರಿಪ್‌ಟೈಮ್‌ಗೆ ಬಿಡುವುದಿಲ್ಲ, ಹನ್ನೆರಡು ಹೆಸರಿನ ಕೋಷ್ಟಕ ನನ್ನದೇ ಇದೆ. ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ಕಡೆ ಲೊಕೇಲ್ (ಭಾಷೆ-ಪ್ರದೇಶದ ಆಯ್ಕೆ) ಬದಲಾಗಿದ್ದರೆ ಅದು ಬೇರೆ ಭಾಷೆಯ ತಿಂಗಳುಗಳನ್ನು ಹುಡುಕುತ್ತಾ ಕೂರುತ್ತದೆ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಕಲಿತದ್ದು.

ಈಗ ವರ್ಷ. ಸಾಲಿನಲ್ಲಿ ಇಲ್ಲದ್ದನ್ನು ನಿಮ್ಮ ಗಡಿಯಾರದಲ್ಲಿ ಹುಡುಕಬೇಡಿ, ಫೈಲನ್ನೇ ಕೇಳಿ. ಫೈಲನ್ನು ಕೊನೆಯದಾಗಿ ತಿದ್ದಿದ ಸಮಯವೆಂದರೆ ಸುಮಾರಾಗಿ ಕೊನೆಯ ಸಾಲು ಬರೆದ ಸಮಯ, ಅದರಲ್ಲಿ ವರ್ಷವಿದೆ. ಅಲ್ಲಿಂದ ಹಿಂದಕ್ಕೆ ಓದುತ್ತಾ ಹೋಗಿ. ಹಿಂದೆ ಹೋದಂತೆ ಸಮಯ ಇಳಿಯಬೇಕು. ಇಳಿಯುವ ಬದಲು ಆರು ತಿಂಗಳಿಗಿಂತ ಹೆಚ್ಚು ಮೇಲಕ್ಕೆ ಹಾರಿದರೆ ಡಿಸೆಂಬರ್ ಬಂತೆಂದು ತಿಳಿದು ಒಂದು ವರ್ಷ ಕಡಿಮೆ ಮಾಡಿ. ಕೆಲವೇ ನಿಮಿಷ ಮೇಲೇರಿದರೆ ಸುಮ್ಮನಿರಿ, ಯಾರೋ ಗಡಿಯಾರ ಸರಿಪಡಿಸಿದ್ದಾರೆ ಅಷ್ಟೆ. (ವರ್ಷಗಟ್ಟಲೆ ಒಂದು ಸಾಲೂ ಬರೆಯದ ಯಂತ್ರವಿದ್ದರೆ ಈ ಉಪಾಯ ಸೋಲುತ್ತದೆ. ಅಂಥ ಯಂತ್ರದ ಲಾಗ್ ಯಾಕೆ ಬೇಕು ಎಂಬುದು ನನ್ನ ಪ್ರಶ್ನೆ.)

ಇದಕ್ಕೆಲ್ಲ ಮೂಲ ಲಾಗ್ ಸಾಲಿನ ರೂಪವನ್ನು ವಿವರಿಸುವ, 2001ರ ಅಂತರ್ಜಾಲ ದಾಖಲೆ ಆರ್‌ಎಫ್‌ಸಿ 3164. ಅದು ಹೊಸ ನಿಯಮ ಮಾಡಿದ್ದಲ್ಲ, ಆಗಲೇ ಚಾಲ್ತಿಯಲ್ಲಿದ್ದ ರೂಢಿಯನ್ನು ಬರೆದಿಟ್ಟದ್ದು. 2009ರ ಆರ್‌ಎಫ್‌ಸಿ 5424 ವರ್ಷವನ್ನೂ ಯುಟಿಸಿಯಿಂದ (ಜಾಗತಿಕ ಪ್ರಮಾಣ ಸಮಯದಿಂದ) ಇರುವ ಅಂತರವನ್ನೂ ಸೇರಿಸಿತು. ನಿಮ್ಮ ಯಂತ್ರಗಳಲ್ಲಿ ಲಾಗ್ ಬರೆಯುವುದು ಆರ್‌ಸಿಸ್‌ಲಾಗ್ ಎಂಬ ಪ್ರೋಗ್ರಾಮ್ ಆಗಿದ್ದರೆ, ಅದರ ಸಂರಚನಾ ಫೈಲಿನಲ್ಲಿ ‘ಟ್ರೆಡಿಷನಲ್ ಫೈಲ್ ಫಾರ್ಮ್ಯಾಟ್’ ಬೇಕೆಂದು ಹೇಳುವ ಸಾಲನ್ನು ತೆಗೆದುಹಾಕಿ; ನಾಳೆಯಿಂದ ವರ್ಷ ಸಹಿತ ಪೂರ್ಣ ಟೈಮ್‌ಸ್ಟ್ಯಾಂಪ್ ಬರುತ್ತದೆ. ಲಾಗ್ ಇಡುವ ಇನ್ನೊಂದು ಪ್ರೋಗ್ರಾಮ್ ಜರ್ನಲ್‌ಡಿ ಇದ್ದರೆ ಇನ್ನೂ ಸುಲಭ: ಅದು 1970ರ ಜನವರಿ 1ರಿಂದ ಮೈಕ್ರೋಸೆಕೆಂಡುಗಳ ಲೆಕ್ಕವನ್ನೇ ಇಟ್ಟಿರುತ್ತದೆ, ಜೇಸನ್ ರೂಪದಲ್ಲಿ (ಪ್ರೋಗ್ರಾಮುಗಳು ಸುಲಭವಾಗಿ ಓದುವ ಪಠ್ಯರೂಪದಲ್ಲಿ) ಕೇಳಿದರೆ ಆ ಸಂಖ್ಯೆ ಸಿಗುತ್ತದೆ.

ರಾತ್ರಿಪಾಳಿ:

ಮೇಡಂ, ಹಿಂದಕ್ಕೆ ಓದುವ ಉಪಾಯ ಹಾಕಿದೆ. ಈ ತಿಂಗಳ ಫೈಲುಗಳು ಸರಿಯಾದವು. ಹಳೆಯವು ಮಾತ್ರ ಎಲ್ಲವೂ ಈ ವರ್ಷದವು ಎನ್ನುತ್ತಿವೆ! ನೋಡಿದರೆ ತಪ್ಪು ನನ್ನದೇ. ಕಳೆದ ವಾರ ಅವುಗಳನ್ನು ನನ್ನ ಯಂತ್ರಕ್ಕೆ ನಕಲು ಮಾಡಿಕೊಂಡಾಗ ಹಳೆಯ ಸಮಯ ಉಳಿಸಿಕೊಳ್ಳುವ ಆಯ್ಕೆಯನ್ನು ಕೊಟ್ಟಿರಲಿಲ್ಲ. ನಲವತ್ತು ಫೈಲುಗಳೂ ಒಂದೇ ಮಧ್ಯಾಹ್ನ ಹುಟ್ಟಿದಂತಿವೆ. ಮೂಲ ಡಿಸ್ಕ್ ಈಗ ಇಲ್ಲ.

ಹಳೆಯ ನಿರ್ವಾಹಕಿ:

ಜಿಜಿಪ್ ಮಾಡಿದ, ಅಂದರೆ ಒತ್ತಿ ಚಿಕ್ಕದಾಗಿಸಿದ ಫೈಲುಗಳಿದ್ದರೆ ಬದುಕಿದಿರಿ. ಅದರ ಶಿರೋಭಾಗದಲ್ಲಿ ಮೂಲ ಫೈಲಿನ ಸಮಯಕ್ಕೆಂದೇ ನಾಲ್ಕು ಬೈಟ್ ಜಾಗವಿದೆ, ನಕಲು ಮಾಡಿದರೂ ಅಳಿಸುವುದಿಲ್ಲ. ಪೈಥಾನ್‌ನ ಜಿಜಿಪ್ ಮಾಡ್ಯೂಲ್ ಸ್ವಲ್ಪ ಓದಿದ ನಂತರ ಅದನ್ನು ಎಮ್‌ಟೈಮ್ ಎಂಬ ಹೆಸರಿನಲ್ಲಿ ಕೊಡುತ್ತದೆ. ಅಲ್ಲಿ ಸೊನ್ನೆ ಇದ್ದರೆ ಸಮಯ ದಾಖಲಾಗಿಲ್ಲ ಎಂದರ್ಥ, 1970 ಎಂದು ನಂಬಬೇಡಿ.

ಒತ್ತದೆ ಬಿಟ್ಟ ಫೈಲುಗಳಿಗೆ ಪತ್ತೇದಾರಿ ಕೆಲಸವೇ ಗತಿ. ಯಂತ್ರ ಶುರುವಾಗುವಾಗ ಕರ್ನಲ್ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಮ್) ತನ್ನ ಆವೃತ್ತಿಯ ಜೊತೆ ತನ್ನನ್ನು ಕಟ್ಟಿದ ದಿನಾಂಕವನ್ನೂ ಬರೆಯುತ್ತದೆ, ಸಾಮಾನ್ಯವಾಗಿ ಅಲ್ಲಿ ವರ್ಷ ಇರುತ್ತದೆ. ಲಾಗ್ ಅದಕ್ಕಿಂತ ಹಳೆಯದಾಗಿರಲಾರದು. ಇನ್ನು ನೀವು ಬೈದುಕೊಂಡ ಫೆಬ್ರುವರಿ 29 ಇದೆಯಲ್ಲ, ಅದೇ ನಿಮ್ಮ ಒಳ್ಳೆಯ ಸಾಕ್ಷಿ.

ರಾತ್ರಿಪಾಳಿ:

ಮೂವತ್ತೇಳು ಫೈಲುಗಳು ಜಿಜಿಪ್ ಆಗಿದ್ದವು, ಎಲ್ಲದರಲ್ಲೂ ಸಮಯ ಸಿಕ್ಕಿತು. ಉಳಿದ ಮೂರರಲ್ಲಿ ಒಂದು ಫೆಬ್ರುವರಿ 29ರದ್ದು. ಆ ಯಂತ್ರವನ್ನು ನಾವು ತಂದದ್ದೇ 2022ರಲ್ಲಿ, ಹಾಗಾಗಿ 2024 ಅಲ್ಲದೆ ಬೇರೆ ಆಗಲು ಸಾಧ್ಯವಿಲ್ಲ. ಇನ್ನೊಂದರಲ್ಲಿ ಕರ್ನಲ್ ಸಾಲು ಇದೆ, 2023ಕ್ಕಿಂತ ಹಿಂದಿನದಲ್ಲ ಎಂಬಷ್ಟು ಗೊತ್ತಾಯಿತು. ಮೂರನೆಯದರಲ್ಲಿ ಜೂನ್ ತಿಂಗಳ ಹನ್ನೊಂದು ಸಾಲುಗಳಿವೆ, ಹನ್ನೊಂದೂ ಮುದ್ರಕದಲ್ಲಿ ಕಾಗದ ಮುಗಿದಿದೆ ಎಂದೇ ಹೇಳುತ್ತಿವೆ. ಅದರ ವರ್ಷದ ಕಲಮನ್ನು ಖಾಲಿ ಬಿಟ್ಟಿದ್ದೇನೆ.