ಜೋಡಿ ಅಂತ ತಂದೆವು, 9 ಮೊಟ್ಟೆ, ಒಂದೂ ಮರಿಯಿಲ್ಲ: ಹಕ್ಕಿಗೆ ಡಿಎನ್‌ಎ ಟೆಸ್ಟ್ ಮಾಡಿಸಿದವರು ಹೇಳಿ

ತುಮಕೂರಿನಿಂದ ಪ್ರಶ್ನೆ:
ಹೋದ ದೀಪಾವಳಿ ಹೊತ್ತಿಗೆ ಒಂದು ಜೋಡಿ ಆಫ್ರಿಕನ್ ಲವ್‌ಬರ್ಡ್ ತಂದೆವು. ಪೀಚ್ ಫೇಸ್ ಅನ್ನುವ ಜಾತಿ, ಹಸಿರು ಮೈ. ಕೊಟ್ಟವರು "ಗ್ಯಾರಂಟಿ ಜೋಡಿ" ಅಂದಿದ್ದರು. ಈಗ ಗೂಡಿನ ಡಬ್ಬದಲ್ಲಿ 9 ಮೊಟ್ಟೆ ಇವೆ. ಎರಡೂ ಕಾವು ಕೂರುತ್ತಿವೆ. ಹತ್ತು ದಿನ ಬಿಟ್ಟು ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಎಲ್ಲವೂ ತಿಳಿಯಾಗಿವೆ, ಒಂದರಲ್ಲೂ ಕೆಂಪು ನರ ಕಾಣಲಿಲ್ಲ. ಗಂಡೋ ಹೆಣ್ಣೋ ತಿಳಿಯಲು ಗರಿಯಿಂದ ಮನೆಯಲ್ಲೇ ಮಾಡುವ ಡಿಎನ್‌ಎ ಕಿಟ್ ಸಿಗುತ್ತದಂತೆ. ನಂಬಬಹುದಾ? ಗರಿ ಕೀಳಬೇಕು ಅಂದರೆ ಕೈ ನಡುಗುತ್ತದೆ.

ಮೈಸೂರಿನಿಂದ:
9 ಅಂದಾಗಲೇ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಮ್ಮ ಮನೆಯದೂ ಇದೇ ಕಥೆ. ಒಂದು ಹೆಣ್ಣು ಸಾಮಾನ್ಯವಾಗಿ 4ರಿಂದ 6 ಇಡುತ್ತದೆ. 9 ಅಂದರೆ ಇಬ್ಬರೂ ಸೇರಿ ಇಟ್ಟಿರಬೇಕು.

ನಮ್ಮವೂ ಒಂದಕ್ಕೊಂದು ಕಾಳು ಉಣಿಸುತ್ತಿದ್ದವು, ಒಂದರ ಮೇಲೊಂದು ಹತ್ತುತ್ತಿದ್ದವು. ಗಂಡು ಹೆಣ್ಣೇ ಅಂದುಕೊಂಡು ಆರು ತಿಂಗಳು ಕಾದೆವು. ಎರಡು ಹೆಣ್ಣು ಒಟ್ಟಿಗಿದ್ದರೂ ಇದನ್ನೆಲ್ಲ ಮಾಡುತ್ತವೆ ಅಂತ ಆಮೇಲೆ ಗೊತ್ತಾಯಿತು. ಅನುಮಾನ ಬಂದಿದ್ದು ಪೇಪರಿನಿಂದ. ತಳಕ್ಕೆ ಹಾಸಿದ ಹಳೆ ಪೇಪರನ್ನು ಕೊಕ್ಕಿನಲ್ಲಿ ಉದ್ದುದ್ದ ಪಟ್ಟಿ ಮಾಡಿ, ಸೊಂಟದ ಗರಿಗಳ ಸಂದಿಗೆ ಸಿಕ್ಕಿಸಿಕೊಂಡು ಡಬ್ಬಕ್ಕೆ ಒಯ್ಯುವುದು ಪೀಚ್ ಫೇಸ್ ಹೆಣ್ಣಿನ ಕೆಲಸ. ಗಂಡೂ ಒಮ್ಮೊಮ್ಮೆ ಕೈ ಹಾಕುತ್ತದೆ, ಆದರೆ ಪಟ್ಟಿ ದಾರಿಯಲ್ಲೇ ಉದುರಿಬಿಡುತ್ತದೆ. ನಮ್ಮಲ್ಲಿ ಎರಡೂ ಬೆನ್ನ ತುಂಬ ಪೇಪರ್ ಸಿಕ್ಕಿಸಿಕೊಂಡು ಜಾತ್ರೆಗೆ ಹೊರಟ ಹಾಗೆ ಓಡಾಡುತ್ತಿದ್ದವು.

ಇನ್ನು ಕಿಟ್. ಮನೆಯಲ್ಲಿ ಆಗುವುದು ಸ್ಯಾಂಪಲ್ ತೆಗೆಯುವ ಕೆಲಸ ಮಾತ್ರ. ಟೆಸ್ಟ್ ನಡೆಯುವುದು ಲ್ಯಾಬಿನಲ್ಲಿ. ಕವರು, ಹೆಸರು ಬರೆಯುವ ಚೀಟಿ, ಗರಿ ಅಂಟಿಸುವ ಕಾರ್ಡು, ಇಷ್ಟೇ ಬರುತ್ತದೆ.

ಗರಿ ಎದೆಯದು ಸಾಕು, ಐದಾರು. ರೆಕ್ಕೆ, ಬಾಲದ ಹೊಸ ಗರಿಗೆ ಕೈ ಹಾಕಲೇಬೇಡಿ, ದಂಟಿನಲ್ಲಿ ರಕ್ತ ಇರುತ್ತದೆ. ಇಬ್ಬರು ಇರಿ. ಒಬ್ಬರು ತೆಳು ಟವೆಲ್ಲಿನಲ್ಲಿ ಹಿಡಿಯಲಿ, ತಲೆಯನ್ನು ಎರಡು ಬೆರಳ ನಡುವೆ ನಿಲ್ಲಿಸಲಿ. ಎದೆ ಮಾತ್ರ ಒತ್ತಬಾರದು. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡು ಆಡಿದರೇ ಉಸಿರು. ಗಟ್ಟಿಯಾಗಿ ಹಿಡಿದು ಹಕ್ಕಿ ಕಳೆದುಕೊಂಡವರು ನನಗೆ ಗೊತ್ತು. ಗರಿಯನ್ನು ಬುಡದ ಹತ್ತಿರ ಹಿಡಿದು, ಬೆಳೆದ ದಿಕ್ಕಿಗೇ ಒಂದೇ ಸಲ ಎಳೆಯಿರಿ. ಕಿತ್ತ ಗರಿಯ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಬುಡ ಕಾಣುತ್ತದೆ. ಜೀವಕೋಶ ಇರುವುದು ಅಲ್ಲೇ, ಅದನ್ನು ಮುಟ್ಟಬೇಡಿ. ಒಂದು ಹಕ್ಕಿ ಮುಗಿದ ಮೇಲೆ ಕೈ ತೊಳೆದು ಇನ್ನೊಂದಕ್ಕೆ ಹೋಗಿ. ನನ್ನದು ಕೀಂಚ್ ಅಂದು ಬೆರಳು ಕಚ್ಚಿತು, ಎರಡು ನಿಮಿಷಕ್ಕೆ ರಾಗಿ ತೆನೆ ಮೆಲ್ಲುತ್ತಾ ಕೂತಿತ್ತು.

ರಿಸಲ್ಟ್ ಎರಡೂ ಹೆಣ್ಣು.

ಹುಬ್ಬಳ್ಳಿಯಿಂದ:
ಅಕ್ಕ ಹೇಳಿದ್ದು ಖರೆ. ನನ್ನ ತಪ್ಪನ್ನೂ ಕೇಳಿಬಿಡಿ. ಗರಿ ಕೀಳಲು ಮನಸ್ಸಾಗಲಿಲ್ಲ. ಪಂಜರದ ತಳದಲ್ಲಿ ಉದುರಿದ್ದನ್ನೇ ಆರಿಸಿ ಕಳಿಸಿದೆ. ಎರಡು ಸನ್ ಕಾನ್ಯೂರ್ ಗಿಳಿ ಒಂದೇ ಪಂಜರದಲ್ಲಿದ್ದವು, ಯಾವ ಗರಿ ಯಾವುದರದು ಅಂತ ಬಣ್ಣ ನೋಡಿ ಊಹೆ ಮಾಡಿದೆ. "ಒಂದು ಗಂಡು, ಒಂದು ಹೆಣ್ಣು" ಅಂತ ಸರ್ಟಿಫಿಕೇಟ್ ಬಂತು. ಫ್ರೇಮ್ ಒಂದು ಹಾಕಿಸಲಿಲ್ಲ ಅಷ್ಟೇ. ನಾಲ್ಕು ತಿಂಗಳಿಗೆ ಆ "ಗಂಡು" ಮೊಟ್ಟೆ ಇಟ್ಟಿತು! ಲ್ಯಾಬಿನವರನ್ನು ಬೈಯಲು ಬಾಯಿಲ್ಲ, ಕಳಿಸಿದ ಗರಿಯೇ ಸರಿಯಿರಲಿಲ್ಲ.

ಬೆಂಗಳೂರಿನಿಂದ:
ನಾನು ಕೆಲವು ವರ್ಷ ಪಿಸಿಆರ್ (ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವುದು) ಮಾಡುವ ಲ್ಯಾಬಿನಲ್ಲಿದ್ದೆ, ಅದಕ್ಕೆ ಒಳಗಿನ ಮಾತು ಸ್ವಲ್ಪ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ವರ್ಣತಂತು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಅಂದರೆ ಮರಿ ಗಂಡೋ ಹೆಣ್ಣೋ ಅನ್ನುವುದು ತಾಯಿಯಿಂದ ತೀರ್ಮಾನ. ಮನುಷ್ಯರಲ್ಲಿ ಅದು ಅಪ್ಪನಿಂದ, ಆದರೂ ಹೆಣ್ಣು ಹೆತ್ತಳು ಅಂತ ಸೊಸೆಯನ್ನೇ ಬೈಯುತ್ತಾರೆ, ಇರಲಿ.

ಸಿಎಚ್‌ಡಿ ಅನ್ನುವ ಒಂದು ಜೀನ್ ಝಡ್‌ನಲ್ಲೂ ಇದೆ, ಡಬ್ಲ್ಯುನಲ್ಲೂ ಇದೆ. ಅದರೊಳಗಿನ ಒಂದು ತುಂಡಿನ ಉದ್ದ ಎರಡರಲ್ಲೂ ಬೇರೆ. ಅದನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ, ಉದ್ದದ ಪ್ರಕಾರ ತುಂಡುಗಳನ್ನು ಬೇರೆ ಮಾಡುವ ಜೆಲ್ ಮೇಲೆ ಓಡಿಸಿದರೆ ಗಂಡಿಗೆ ಒಂದು ಗೆರೆ, ಹೆಣ್ಣಿಗೆ ಎರಡು. 1998ರಿಂದ ಜಗತ್ತೆಲ್ಲ ಬಳಸುತ್ತಿರುವ ವಿಧಾನ ಇದು. ಉಷ್ಟ್ರಪಕ್ಷಿ, ಎಮು ಜಾತಿಗೆ ಮಾತ್ರ ನಡೆಯುವುದಿಲ್ಲ.

ಹುಬ್ಬಳ್ಳಿಯವರ ಎಡವಟ್ಟು ಎಲ್ಲಿ ಆಗಿರಬಹುದು ಅಂದರೆ, ಉದುರಿದ ಗರಿಯಲ್ಲಿ ಡಿಎನ್‌ಎ ಕಡಿಮೆ, ಹಳತು. ಹೆಣ್ಣಿನ ಎರಡನೇ ಗೆರೆ ಏಳದಿದ್ದರೆ ನೋಡುವವರಿಗೆ ಅದು ಗಂಡು. ಇದರ ಉಲ್ಟಾನೂ ಇದೆ. ಗಂಡಿನ ಗರಿಗೆ ಹೆಣ್ಣಿನ ಮೈಯ ಹೊಟ್ಟು ಅಂಟಿದ್ದರೆ ಎರಡು ಗೆರೆ ಬಂದು ಹೆಣ್ಣು ಅಂತ ಬರೆದುಬಿಡುತ್ತಾರೆ. ಹಾಗಾಗಿ ನಾನು ಕಿಟ್ ಬ್ರ್ಯಾಂಡ್ ನೋಡುವುದಕ್ಕಿಂತ ಗರಿ ತೆಗೆದ ಕೈ ನೋಡುತ್ತೇನೆ. ಮರಿ ಒಡೆದು ಬಂದ ಮೊಟ್ಟೆಯ ಒಳಪೊರೆಯೂ ಆಗುತ್ತದೆ. ಆಗ ಮರಿಯನ್ನು ಮುಟ್ಟುವ ಕೆಲಸವೇ ಇಲ್ಲ.

ಉಡುಪಿಯಿಂದ:
ಎಲ್ಲದಕ್ಕೂ ದುಡ್ಡು ಸುರಿಯಬೇಡಿ ಮಾರಾಯ್ರೆ. ಅಂಗಡಿಯಲ್ಲಿ "ಲವ್ ಬರ್ಡ್ಸ್" ಅಂತ ಮಾರುವುದು ಹೆಚ್ಚಾಗಿ ಬಜ್ಜಿ, ಅಂದರೆ ಬಜರಿಗಾರ್ ಅನ್ನುವ ಪುಟ್ಟ ಗಿಳಿ. ಬೆಳೆದ ಬಜ್ಜಿಗೆ ಮೂಗಿನ ಮೇಲಿನ ತೊಗಲು ನೋಡಿದರೆ ಸಾಕು: ನೀಲಿ ಆದರೆ ಗಂಡು, ಕಂದು ಆದರೆ ಹೆಣ್ಣು. ಪೂರ್ತಿ ಹಳದಿ, ಪೂರ್ತಿ ಬಿಳಿ ಬಜ್ಜಿಯಲ್ಲಿ ಮಾತ್ರ ಗಂಡಿನ ಮೂಗು ಗುಲಾಬಿಯಾಗೇ ಉಳಿಯುತ್ತದೆ, ಮೋಸ ಹೋಗ್ತೀರಿ. ಬೂದು ಕಾಕಟೀಲ್ ಹಕ್ಕಿ ಆದರೆ ಮೊದಲ ಸಲ ಗರಿ ಉದುರಿದ ಮೇಲೆ ಬಾಲದ ಅಡಿ ನೋಡಿ. ಹಳದಿ ಪಟ್ಟೆ ಉಳಿದಿದ್ದರೆ ಹೆಣ್ಣು. ಪೀಚ್ ಫೇಸಿಗೆ ಇಂಥ ಗುರುತು ಯಾವುದೂ ಇಲ್ಲ. ಸೊಂಟದ ಮೂಳೆ ಮುಟ್ಟಿ ಹೇಳುತ್ತೇನೆ ಅನ್ನುವವರಿದ್ದಾರೆ, ನಾನೂ ಹಾಗೆ ಹೇಳಿ ಮೂರು ಸಲ ಮರ್ಯಾದೆ ಕಳೆದುಕೊಂಡಿದ್ದೇನೆ.

ಚಿಕ್ಕಮಗಳೂರಿನಿಂದ:
ನಮ್ಮ ಮನೆಯ ಹಸಿರು ಗಿಳಿಗೂ ಮಾಡಿಸಬಹುದಾ? ಕೊರಳಲ್ಲಿ ಇನ್ನೂ ಉಂಗುರ ಬಂದಿಲ್ಲ.

ಬೆಂಗಳೂರಿನಿಂದ:
ಕೊರಳಿನ ಉಂಗುರ ಬರುವುದು ಗಂಡಿಗೆ, ಅದೂ ಮೂರು ವರ್ಷದ ಹೊತ್ತಿಗೆ. ಆದರೆ ಸರ್, ನಮ್ಮ ಕಾಡಿನ ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಟೆಸ್ಟ್ ಬಿಡಿ, ಮೊದಲು ಅರಣ್ಯ ಇಲಾಖೆಯವರ ಹತ್ತಿರ ಮಾತಾಡಿ. ಸುಮ್ನೆ ಹಾರಿಬಿಡಬೇಡಿ, ಮನೆಯಲ್ಲಿ ಬೆಳೆದದ್ದು ಹೊರಗೆ ಬದುಕುವುದು ಕಷ್ಟ. ಸನ್ ಕಾನ್ಯೂರ್, ಗ್ರೇ ಪ್ಯಾರಟ್ ಇರುವವರೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಿ.

ತುಮಕೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ತಮ್ಮ ಬರುತ್ತಾನೆ, ಅವನ ಕೈಲಿ ಹಿಡಿಸಿ ಗರಿ ತೆಗೆಯುತ್ತೇನೆ. ಪೇಪರ್ ಹಾಕಿ ನೋಡಿದೆ ಅಕ್ಕ, ಎರಡೂ ಸಿಕ್ಕಿಸಿಕೊಂಡವು! ಮೊಟ್ಟೆ ಈಗಲೇ ಎಸೆದುಬಿಡಲಾ?

ಮೈಸೂರಿನಿಂದ:
ಬೇಡ ಬೇಡ. ಈಗ ತೆಗೆದರೆ ಮತ್ತೆ ಇಡಲು ಶುರು ಮಾಡುತ್ತವೆ, ಮೈಯಲ್ಲಿನ ಸುಣ್ಣವೆಲ್ಲ ಅದಕ್ಕೇ ಹೋಗುತ್ತದೆ. ಆಮೇಲೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. 23 ದಿನದ ಕಾವು ಮುಗಿಯಲಿ, ಅವಕ್ಕೇ ಬೇಸರ ಬಂದು ಎದ್ದು ಹೋಗುತ್ತವೆ. ಆಗ ಮೊಟ್ಟೆಯ ಜೊತೆ ಡಬ್ಬವನ್ನೂ ತೆಗೆಯಿರಿ. ಪೇಪರ್ ಕೊಡುವುದನ್ನೂ ನಿಲ್ಲಿಸಿ. ಅಲ್ಲಿಯವರೆಗೆ ಪಂಜರಕ್ಕೆ ಒಂದು ಕಟಲ್ ಫಿಶ್ ಬೋನ್ (ಸುಣ್ಣದ ಅಂಶಕ್ಕೆ ಹಕ್ಕಿ ಕಚ್ಚುವ ಕಡಲ ಜೀವಿಯ ಬಿಳಿ ಚಿಪ್ಪು) ಸಿಕ್ಕಿಸಿ.