ಗಂಡಿನ ಬಗ್ಗೆ ವಿಚಾರಿಸಿದವರಿಗೆ ಎಷ್ಟು ಹೇಳಬೇಕು?

ಪ್ರಶ್ನೆ (ತುಮಕೂರಿನಿಂದ):
ಪಕ್ಕದ ಮನೆಯ ಹುಡುಗನಿಗೆ ಹೆಣ್ಣು ನೋಡುತ್ತಿದ್ದಾರೆ. ಹೆಣ್ಣಿನ ತಂದೆ ಪರಿಚಿತರಿಂದ ನನ್ನ ನಂಬರ್ ಪಡೆದು, "ನಿಮ್ಮ ಮಗಳೇ ಅಂದುಕೊಂಡು ಹೇಳಿ, ಹುಡುಗ ಹೇಗೆ?" ಎಂದು ಕೇಳಿದರು. ಸಂಭಾವಿತ, ಕುಡಿತವಿಲ್ಲ, ತಂದೆತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದೆ, ಅದಷ್ಟೂ ನಿಜ. ಆದರೆ ಮೂರು ವರ್ಷದ ಹಿಂದೆ ಅವನು ಗೇಟಿನ ಬಳಿ ಫಿಟ್ಸ್ ಬಂದು ಬಿದ್ದಾಗ, ಸೇರಿದ ಜನ ಅವನ ಮುಷ್ಟಿಯೊಳಗೆ ಬೀಗದ ಕೈಗೊಂಚಲನ್ನು ತುರುಕುತ್ತಿದ್ದಾಗ, ಅವನ ತಲೆ ನೆಲಕ್ಕೆ ಬಡಿಯದಂತೆ ಹಿಡಿದುಕೊಂಡವಳು ನಾನು. ಅದನ್ನು ಹೇಳಲಿಲ್ಲ. ಭಾನುವಾರ ಅವರು ಮತ್ತೆ ಫೋನ್ ಮಾಡುತ್ತಾರೆ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಎಂಬ ಗಾದೆಯನ್ನು ನಮ್ಮತ್ತೆ ನೆನಪಿಸುತ್ತಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ 1:
ವಕೀಲನಾಗಿ ಒಂದು ಮಾತು ಹೇಳುತ್ತೇನೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿಯು ಪದೇ ಪದೇ ಬರುವ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಸೇರಿಸಿತ್ತು. 1999ರಲ್ಲಿ ಅದನ್ನು ತೆಗೆದುಹಾಕಲಾಯಿತು. ಕಾಯಿಲೆ ಇಂದು ಅಡ್ಡಿಯಲ್ಲ. ಆದರೆ ಮುಖ್ಯ ಸಂಗತಿಯೊಂದರ ಬಗ್ಗೆ ವಂಚಿಸಿ ಒಪ್ಪಿಗೆ ಪಡೆದಿದ್ದರೆ, ಅದು ತಿಳಿದ ಒಂದು ವರ್ಷದೊಳಗೆ ಮದುವೆಯ ರದ್ದತಿ ಕೋರಿ 12ನೇ ಸೆಕ್ಷನ್ನಿನಡಿ ಅರ್ಜಿ ಹಾಕಬಹುದು. ಮುಚ್ಚಿಟ್ಟರೆ ಹುಡುಗನಿಗೂ ಉಪಕಾರವಾಗುವುದಿಲ್ಲ.

ಉತ್ತರ 2:
ನನ್ನ ಅಕ್ಕನಿಗೆ ಹೀಗೇ ಮದುವೆಯಾಯಿತು. ಭಾವ ಮಾತ್ರೆಗಳನ್ನು ಶೇವಿಂಗ್ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದರು. ಮೊದಲ ದೀಪಾವಳಿಗೆ ನಮ್ಮ ಮನೆಗೆ ಬಂದಾಗ, ಯಾರಾದರೂ ನೋಡಿಯಾರೆಂಬ ಅಂಜಿಕೆಯಿಂದ ಎರಡು ದಿನ ಮಾತ್ರೆ ತಪ್ಪಿಸಿ, ಹಬ್ಬದ ಬೆಳಿಗ್ಗೆ ಬಚ್ಚಲಿನಲ್ಲಿ ಬಿದ್ದರು. ಅಕ್ಕ ಅವರನ್ನು ಬಿಡಲಿಲ್ಲ, ಇಂದಿಗೂ ಮಾತ್ರೆ ತೆಗೆದುಕೊಡುವವಳು ಅವಳೇ. ಆದರೆ ಬೀದಿಗೆಲ್ಲ ಗೊತ್ತಿದ್ದದ್ದು ತನಗೊಬ್ಬಳಿಗೇ ಗೊತ್ತಿರಲಿಲ್ಲವೆಂಬ ನೋವು ಅವಳಿಗೆ ಹೋಗಿಲ್ಲ.

ಉತ್ತರ 3:
ಹಾಗಿದ್ದರೂ ಅವನ ಕಾಯಿಲೆಯನ್ನು ನೀವು ಹೇಳಕೂಡದು. ನೀವು ಕಂಡದ್ದು ಒಂದು ದಿನದ ಸಂಗತಿ. ಸರಿಯಾದ ಚಿಕಿತ್ಸೆಯಿಂದ ನೂರರಲ್ಲಿ ಸುಮಾರು 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು. ಆದರೆ ಫೋನಿನಲ್ಲಿ ಆಡಿದ ಮಾತು ನೆಂಟರಿಷ್ಟರಲ್ಲೆಲ್ಲ ಸುತ್ತಿ, ಮುಂದೆ ಬರುವ ಸಂಬಂಧಗಳನ್ನೂ ಕೆಡಿಸುತ್ತದೆ. ಭಾನುವಾರಕ್ಕೆ ಮೊದಲೇ ಹುಡುಗನ ತಾಯಿಯ ಬಳಿ ಹೋಗಿ, "ನಾನಾಗಿ ಏನೂ ಹೇಳುವುದಿಲ್ಲ, ಆದರೆ ಕೇಳಿದರೆ ಸುಳ್ಳಾಡಲಾರೆ, ನೀವೇ ಹೇಳಿಬಿಡಿ" ಎನ್ನಿ. ಹೆಣ್ಣಿನ ತಂದೆ ಕೇಳಿದರೆ, "ಆರೋಗ್ಯದ ವಿಷಯವನ್ನು ಹುಡುಗನನ್ನೇ ಕೂರಿಸಿಕೊಂಡು ಕೇಳಿ" ಎಂದಷ್ಟೇ ಹೇಳಿ. "ಏನೂ ತೊಂದರೆಯಿಲ್ಲ" ಎಂದು ಮಾತ್ರ ಹೇಳಬೇಡಿ.

ಪ್ರಶ್ನೆ ಕೇಳಿದವರು:
ನಿನ್ನೆ ಸಂಜೆ ಹೋಗಿದ್ದೆ. ತಾಯಿ ಮುಖ ತಿರುಗಿಸಿದರು. ಕೋಣೆಯೊಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಹುಡುಗ ಹೊರಗೆ ಬಂದು, ಎರಡು ವರ್ಷದಿಂದ ಒಮ್ಮೆಯೂ ಬಂದಿಲ್ಲವೆಂದೂ, ಹುಡುಗಿಗೆ ತಾನೇ ಹೇಳುವುದಾಗಿಯೂ ತಿಳಿಸಿ, ಡಾಕ್ಟರ ಚೀಟಿಗಳ ಫೈಲನ್ನು ತಾಯಿಯ ಮುಂದಿಟ್ಟ. ಅವರು ಕಾಫಿ ಕುಡಿದು ಹೋಗಿ ಎನ್ನಲಿಲ್ಲ. ಅವನು ಮಾತ್ರ ಗೇಟಿನವರೆಗೆ ನನ್ನ ಜೊತೆ ಬಂದ.